ಗದ್ದೆಗೆ ಹೋದ ಕುರ್ಚಿ

ಭೂಮಿ ಹುಣ್ಣಿಮೆಯ ಬೆಳಿಗ್ಗೆ ಗದ್ದೆಗೆ ಏನೇನು ಹೋಗಬೇಕು ಅಂತ ಸಿದ್ದಾಪುರದ ಕಡೆ ಯಾವ ರೈತರ ಮನೆಯಲ್ಲಿ ಕೇಳಿದರೂ ಹೇಳುತ್ತಾರೆ. ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿ ಹೋಗಬೇಕು. ಬುಟ್ಟಿಯ ತುಂಬ ಅಡುಗೆ ಹೋಗಬೇಕು. ಪೂಜೆಯ ಸಾಮಾನು, ಬಾಳೆ ಎಲೆ, ಕುಡಿಯಲು ನೀರು, ಹಿಂದಿನಿಂದ ಮನೆಮಂದಿಯೆಲ್ಲ ಹೋಗಬೇಕು. ಹೋದ ವರ್ಷ ಮಾತ್ರ ಕೆಳಗಿನ ಕೇರಿಯ ಉಲ್ಲಾಸನ ಮನೆಯಿಂದ ಇವೆಲ್ಲದರ ಜೊತೆಗೆ ಒಂದು ಪ್ಲಾಸ್ಟಿಕ್ ಕುರ್ಚಿಯೂ ಹೋಯಿತು.

ಬುಟ್ಟಿ ಉಲ್ಲಾಸನ ತಲೆಯ ಮೇಲೆ. ಕುರ್ಚಿ ಅವನ ಹೆಂಡತಿ ದಿವ್ಯಾಳ ತಲೆಯ ಮೇಲೆ. ಇಬ್ಬರ ನಡುವೆ, ಒಂದು ಕೈಲಿ ಕೋಲು ಹಿಡಿದು ಇನ್ನೊಂದು ಕೈಯನ್ನು ಮಗನ ಹೆಗಲ ಮೇಲಿಟ್ಟು, ಉಲ್ಲಾಸನ ಅಮ್ಮ ಸುಬ್ಬಿ. ದಾರಿಯಲ್ಲಿ ಸಿಕ್ಕವರೆಲ್ಲ ಕುರ್ಚಿ ನೋಡಿ ದಿವ್ಯಾಳನ್ನು ಹೊಗಳಿದರು. "ಸೊಸೆ ಅಂದ್ರೆ ಹಿಂಗಿರಬೇಕು ನೋಡಿ. ಅತ್ತೆಗೆ ಗದ್ದೇಲೂ ಸಿಂಹಾಸನ."

ಆ ಹುಣ್ಣಿಮೆಗೆ ಭತ್ತದ ಪೈರು ತೆನೆಯನ್ನು ಒಳಗಿಟ್ಟುಕೊಂಡು ಹೊಡೆ ತುಂಬಿ ನಿಂತಿರುತ್ತದೆ. ಬಸುರಿ ಹೆಣ್ಣಿಗೆ ಬಯಕೆಯ ಊಟ ಬಡಿಸುವ ಹಾಗೆ ಭೂಮಿಗೆ ಬಡಿಸುತ್ತಾರೆ. ಪೂಜೆ ಆದ ಮೇಲೆ ಮನೆಮಂದಿ ಅಲ್ಲೇ ನೆಲಕ್ಕೆ ಕೂತು ಉಣ್ಣುತ್ತಾರೆ. ಹೋದ ವರ್ಷವೂ ಎಲ್ಲರೂ ಹಾಗೇ ಕೂತರು, ಸುಬ್ಬಿ ಒಬ್ಬಳನ್ನು ಬಿಟ್ಟು. ಅವಳು ಕುರ್ಚಿಯಲ್ಲಿ, ತೊಡೆಯ ಮೇಲೆ ಬಾಳೆ ಎಲೆ ಇಟ್ಟುಕೊಂಡು. ಗದ್ದೆಯ ಅಂಚಿನ ಮಣ್ಣು ಇನ್ನೂ ಮೆತ್ತಗಿತ್ತು. ಎರಡು ತುತ್ತು ತಿನ್ನುವುದರೊಳಗೆ ಕುರ್ಚಿಯ ಹಿಂದಿನ ಕಾಲು ಹೂತು ಹೋಯಿತು. ಸುಬ್ಬಿ ಎಲೆಯ ಸಮೇತ ಹಿಂದಕ್ಕೆ ವಾಲಿದಳು. ಉಲ್ಲಾಸ ಮತ್ತು ಪಕ್ಕದ ಗದ್ದೆಯ ಗಣಪ ಓಡಿ ಬಂದು ಎತ್ತಿದರು. ಪೆಟ್ಟು ಆಗಲಿಲ್ಲ. ಸುಬ್ಬಿ ನಕ್ಕಳು ಕೂಡ. ಆದರೆ ಆಮೇಲೆ ಊಟ ಮುಟ್ಟಲಿಲ್ಲ.

ಮನೆಗೆ ಬರುವಾಗ ಹೇಳಿದಳು. "ಮುಂದಿನ ವರ್ಷ ನಾ ಬರೂದಿಲ್ಲ. ಭೂಮ್ತಾಯಿಗೆ ಉಣ್ಣೋಕೆ ಕರೆದು, ಅವಳ ಎದುರು ಕುರ್ಚಿ ಹಾಕ್ಕಂಡು ಕೂರೂ ದೊಡ್ಡಸ್ತಿಕೆ ನಂಗೆ ಬೇಡ."

ದಿವ್ಯಾಳಿಗೆ ಬೇಸರವಾಯಿತು. ತಾನು ಇಷ್ಟು ದೂರ ಹೊತ್ತು ತಂದಿದ್ದು ಯಾರಿಗಾಗಿ?

ಇಲ್ಲಿ ಒಂದು ಮಾತು ಹೇಳಬೇಕು. ದಿವ್ಯಾಳ ಪ್ರೀತಿಯಲ್ಲಿ ಕಲಬೆರಕೆ ಇರಲಿಲ್ಲ. ಮೂರು ವರ್ಷದ ಹಿಂದೆ ಸುಬ್ಬಿ ಬಚ್ಚಲಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದಳು. ಎಲುಬು ಕೂಡಿತು, ಕೈ ಸರಿಯಾಯಿತು. ಆದರೆ ದಿವ್ಯಾಳ ಎದೆಯೊಳಗಿನ ಹೆದರಿಕೆ ಹೋಗಲಿಲ್ಲ. ಅಂದಿನಿಂದ ಜಗುಲಿಗೆ ಕುರ್ಚಿ ಬಂತು. ಕುರ್ಚಿಯ ಪಕ್ಕ ಸ್ಟೂಲು. ಸ್ಟೂಲಿನ ಮೇಲೆ ನೀರಿನ ಚೊಂಬು, ಎಲೆ-ಅಡಿಕೆ ತಟ್ಟೆ, ಟಿವಿಯ ರಿಮೋಟು, ಮಾತ್ರೆಯ ಡಬ್ಬಿ. ಸುಬ್ಬಿ ಏಳಲು ಹೊರಟರೆ ಒಳಗಿಂದಲೇ ಕೂಗು. "ಅತ್ತೆ, ಕೂತ್ಕಳಿ. ನಾ ತತ್ತೆ."

ದನಕ್ಕೆ ಹುಲ್ಲು ಹಾಕುವುದು ಹೋಯಿತು. ಅಂಗಳ ಗುಡಿಸುವುದು ಹೋಯಿತು. ಹೂ ಕೊಯ್ಯುವುದು ಹೋಯಿತು. ಊರಿನಲ್ಲಿ ದಿವ್ಯಾಳ ಹೆಸರು ಬೆಳೆಯಿತು. ಮಹಿಳಾ ಸಂಘದ ಸಭೆಯಲ್ಲಿ ಬೇರೆ ಸೊಸೆಯಂದಿರಿಗೆ ಅವಳದೇ ಉದಾಹರಣೆ. ಹೆಸರು ಬೆಳೆದಷ್ಟೂ ಅತ್ತೆಯ ಕಾಲು ಸಣ್ಣಗಾಗುತ್ತಿದ್ದುದು ಯಾರ ಕಣ್ಣಿಗೂ ಬೀಳಲಿಲ್ಲ.

ಈ ವರ್ಷದ ಯುಗಾದಿ ಕಳೆದ ಮೇಲೆ ಒಂದು ದಿನ ಸುಬ್ಬಿಗೆ ಕುರ್ಚಿಯಿಂದ ಏಳಲಾಗಲಿಲ್ಲ. ದಿವ್ಯಾ ಒಬ್ಬಳೇ ಎತ್ತಲು ನೋಡಿದಳು, ಆಗಲಿಲ್ಲ. ಉಲ್ಲಾಸ ಬಂದ. ಇಬ್ಬರೂ ಸೇರಿ ಎಬ್ಬಿಸಿ, ಮರುದಿನ ಸಿದ್ದಾಪುರದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ಬಿಪಿ ನೋಡಿದರು, ಸಕ್ಕರೆ ನೋಡಿದರು, ಮೊಣಕಾಲು ಮಡಚಿ ಬಿಚ್ಚಿ ನೋಡಿದರು.

"ದೊಡ್ಡ ತೊಂದರೆ ಏನೂ ಇಲ್ಲ. ಬಿಪಿ ಮಾತ್ರೆ ತಪ್ಪಿಸಬೇಡಿ. ಆದರೆ ಕಾಲಿನ ಶಕ್ತಿ ತುಂಬ ಇಳಿದಿದೆ. ದಿನಾ ಸ್ವಲ್ಪ ವ್ಯಾಯಾಮ ಮಾಡಿಸಿ. ಹೀಗೇ ಕೂತಿದ್ದರೆ ಇನ್ನೊಂದು ವರ್ಷದಲ್ಲಿ ಹಾಸಿಗೆ ಹಿಡಿಯೋ ಹಾಗೆ ಆಗಬಹುದು."

ದಿವ್ಯಾಳಿಗೆ ಈ ಮಾತು ರುಚಿಸಲಿಲ್ಲ. ವ್ಯಾಯಾಮ ಅಂದರೆ ಪೇಟೆಯವರು ಬೂಟು ಹಾಕಿಕೊಂಡು ಓಡುವುದು. ಎಪ್ಪತ್ತು ದಾಟಿದ ಮುದುಕಿಗೆ ಅದೆಂತದು? ಟಾನಿಕ್ಕಾದರೂ ಬರೆದುಕೊಡಬಹುದಿತ್ತು ಅಂದುಕೊಂಡಳು.

ಬಸ್ಸಿನಲ್ಲಿ ಸುಬ್ಬಿ ಕಿಟಕಿಯ ಹೊರಗೆ ನೋಡುತ್ತಾ ಮೆಲ್ಲಗೆ ಹೇಳಿದಳು. "ಈ ವರ್ಷ ಬುಟ್ಟಿ ನೀನೇ ಬರಿ ದಿವ್ಯಾ."

ದಿವ್ಯಾ ಅತ್ತೆಯ ಕಡೆ ತಿರುಗಿದಳು. ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಪುಂಡಿ ನಾರಿನ ಕುಂಚದಿಂದ ಎಳೆ ಎಳೆಯಾಗಿ ಚಿತ್ತಾರ ಬರೆಯುವುದು ಆ ಮನೆಯಲ್ಲಿ ಸುಬ್ಬಿಯ ಕೆಲಸ. ಸುತ್ತಲಿನ ಕೇರಿಗಳಲ್ಲಿ ಅವಳಷ್ಟು ಸಣ್ಣ ಎಳೆ ಎಳೆಯುವವರಿರಲಿಲ್ಲ. ನೆಲಕ್ಕೆ ಕೂತು, ಬುಟ್ಟಿಯನ್ನು ಕಾಲ ನಡುವೆ ತಿರುಗಿಸುತ್ತಾ ಬರೆಯಬೇಕು. ಹೋದ ವರ್ಷ ಹೇಗೋ ಗೋಡೆಗೆ ಒರಗಿ ಬರೆದಿದ್ದಳು. ಕೈ ನಡುಗುತ್ತಿರಲಿಲ್ಲ. ನೆಲಕ್ಕೆ ಕೂತವಳನ್ನು ಎಬ್ಬಿಸಲು ಮಾತ್ರ ಇಬ್ಬರು ಬೇಕಾಗಿತ್ತು.

"ಯಾಕತ್ತೆ ಹಂಗಂತೀರಿ?"

"ಬುಟ್ಟಿ ಬರೆದವಳು ಗದ್ದೆಗೆ ಹೋಗಿ ನೆಲದ ಮೇಲೆ ಕೂತು ಉಣ್ಣಬೇಕು. ಕೂರಕ್ಕೂ ಆಗದವಳು ಬರೆದು ಎಂತ ಮಾಡೂದು?"



ಊರಿನ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದ ಗೀತಾ ಅಕ್ಕೋರು ದಿನಾ ಬೆಳಿಗ್ಗೆ ಕೈಲಿ ಹಾಲಿನ ಕ್ಯಾನು ಹಿಡಿದು ಡೈರಿಗೆ ನಡೆದು ಹೋಗುತ್ತಾರೆ. ಅವರಿಗೂ ಅರವತ್ತೆಂಟಾಯಿತು. ನಡಿಗೆ ಮಾತ್ರ ಗಂಟೆ ಹೊಡೆದ ಮೇಲೆ ತರಗತಿಗೆ ಹೋಗುವವರ ಹಾಗೆ. ಆಸ್ಪತ್ರೆಯ ಸುದ್ದಿ ಕೇಳಿ ಮರುದಿನ ಡೈರಿಯಿಂದ ವಾಪಸು ಬರುವಾಗ ಜಗುಲಿ ಹತ್ತಿದರು.

"ಎಂತಂದ್ರು ಡಾಕ್ಟರು?"

"ವ್ಯಾಯಾಮ ಮಾಡಿಸಬೇಕಂತೆ ಅಕ್ಕೋರೆ," ದಿವ್ಯಾ ಬಾಯಿ ಸೊಟ್ಟ ಮಾಡಿದಳು. "ನಡೆಯೂಕೇ ಆಗ್ತಿಲ್ಲ ಅಂತ ಕರಕಂಡು ಹೋದ್ರೆ ನಡೆಸಿ ಅಂತಾರೆ."

"ಸರಿಯಾಗೇ ಹೇಳಿದ್ದಾರೆ. ನಂಗೂ ಮೊಣಕಾಲು ಹಿಡ್ಕೊಂಡಾಗ ಶಿರಸಿಯ ಡಾಕ್ಟರು ಅದನ್ನೇ ಹೇಳಿದ್ದು. ಮೊದಮೊದಲು ನಾನೂ ನಿನ್ನ ಹಾಗೇ ಬೈದೆ."

"ನೀವು ಓದಿದವರು, ಕವಾಯತು ಮಾಡಿಸಿದವರು. ನಮ್ಮ ಅತ್ತೆ ಜೀವಮಾನ ಪೂರ್ತಿ ಗದ್ದೇಲಿ ದುಡಿದವರು. ಇನ್ನಾದ್ರೂ ಸುಖವಾಗಿ ಕೂತಿರಲಿ ಅಂತ ನಂಗೆ."

"ಜೀವಮಾನ ಪೂರ್ತಿ ಉಂಡಿದ್ದೀನಿ ಅಂತ ಇವತ್ತಿನ ಊಟ ಬಿಡ್ತೀಯ ದಿವ್ಯಾ? ಹಿಂದೆ ದುಡಿದದ್ದು ಹಿಂದಕ್ಕಾಯ್ತು. ಕಾಲಿಗೆ ಇವತ್ತಿನದು ಇವತ್ತು ಬೇಕು."

"ಹಂಗಾದ್ರೆ ನಂಗೆ ಬೇಡ ಬಿಡಿ. ನಾನಂತೂ ಬೆಳಗಿಂದ ರಾತ್ರಿವರೆಗೆ ದುಡಿತೆ."

ಅಕ್ಕೋರು ಕ್ಯಾನು ಕೆಳಗಿಟ್ಟರು. "ಹೌದಾ? ನೆಲಕ್ಕೆ ಚಕ್ಕಳ-ಮಕ್ಕಳ ಹಾಕಿ ಕೂತ್ಕೋ. ಈಗ ಕೈ ಊರದೆ ಏಳು."

ಇದೇನು ಮಹಾ ಅಂತ ದಿವ್ಯಾ ಕೂತಳು. ಏಳಲು ಹೋದಳು. ಮುಂದಕ್ಕೆ ಬಗ್ಗಿದಳು, ಪಕ್ಕಕ್ಕೆ ವಾಲಿದಳು, ಕೊನೆಗೆ ಕಂಬ ಹಿಡಿದು ಎದ್ದಳು. ಅವಳಿಗೆ ಇನ್ನೂ ನಲವತ್ತೆರಡು. ಕುರ್ಚಿಯಲ್ಲಿದ್ದ ಸುಬ್ಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ನಗಬೇಡಿ ಅತ್ತೆ."

"ನಗಲಿಲ್ಲ ಮಾರಾಯ್ತಿ. ಕೆಮ್ಮು ಬಂತು."

"ನೋಡು," ಅಂದರು ಅಕ್ಕೋರು, "ನೀನು ದುಡಿಯೋದು ಸುಳ್ಳಲ್ಲ. ಆದರೆ ಅಡುಗೆ ಕಟ್ಟೆಯ ಮುಂದೆ ನಿಂತಲ್ಲೇ, ಬಟ್ಟೆ ಮೆಷಿನ್ನಲ್ಲಿ, ಉಳಿದ ಹೊತ್ತೆಲ್ಲ ಹೊಲಿಗೆ ಯಂತ್ರದ ಮುಂದೆ ಕೂತು. ದಣಿಯೋದು ಬೇರೆ, ಮೈಗೆ ಕಸುವು ಬರೋ ಹಾಗೆ ಆಡಿಸೋದು ಬೇರೆ. ನೆಲದಿಂದ ಸಲೀಸಾಗಿ ಏಳೋರ ಕಾಲು, ಸೊಂಟ, ಮೈಯ ಸಮತೋಲ ಎಲ್ಲ ಸರಿಯಿದೆ ಅಂತ ಲೆಕ್ಕ. ಅಂಥವರು ಬೀಳೋದು ಕಡಿಮೆ, ಹಾಸಿಗೆ ಹಿಡಿಯೋದೂ ಕಡಿಮೆ."

ಆಮೇಲೆ ಸುಬ್ಬಿಯ ಕಡೆ ತಿರುಗಿದರು. "ಸುಬ್ಬಕ್ಕ, ನೀವು ಎತ್ತು ಸಾಕಿದವರು. ಬೇಸಿಗೆ ಪೂರ್ತಿ ಕೊಟ್ಟಿಗೇಲಿ ಕಟ್ಟಿ ಹಾಕಿದ ಎತ್ತನ್ನು ಒಂದೇ ಸಲ ಬಿಟ್ಟು ನೊಗಕ್ಕೆ ಕಟ್ಟಿದರೆ ಎಂತ ಆಗ್ತದೆ?"

"ಕಟ್ಟೂದು ಉಂಟನೇ? ಮುಗ್ಗರಿಸ್ತದೆ," ಅಂದಳು ಸುಬ್ಬಿ. "ಮೊದಲು ಅಂಗಳದಲ್ಲಿ ತಿರುಗಾಡಿಸಬೇಕು. ಆಮೇಲೆ ಹುಲ್ಲಿನ ಬೇಣದವರೆಗೆ. ದಿನಾ ಚೂರು ಚೂರು. ಕಾಲು ಬಿಗಿಯಾದ ಮೇಲೆ ನೊಗ."

ಹೇಳಿದವಳು ತನ್ನ ಕಾಲನ್ನು ನೋಡಿಕೊಂಡಳು. ಕುರ್ಚಿಯ ಕೈ ಸವರಿದಳು.

"ನನ್ನ ಕಟ್ಟಿ ಹಾಕಿದ್ದು ಹಗ್ಗ ಅಲ್ಲ, ಇದು," ಅಂದಳು.

ದಿವ್ಯಾ ಮುಖ ತಗ್ಗಿಸಿದಳು. ಅಕ್ಕೋರು ಅವಳ ಬೆನ್ನು ತಟ್ಟಿದರು. "ಕುರ್ಚಿ ಬಿಸಾಡಬೇಡಿ. ಇದರಲ್ಲೇ ಶುರು ಮಾಡೋಣ."

ಕುರ್ಚಿಯನ್ನು ಜಾರದಂತೆ ಗೋಡೆಗೆ ಒತ್ತಿ ಇಟ್ಟರು. ಸುಬ್ಬಿ ಅಂಚಿಗೆ ಸರಿದು ಕೂತಳು. ಎರಡೂ ಪಾದ ನೆಲಕ್ಕೆ ಊರಿ, ಮೂಗು ಮುಂದೆ ತಂದು, ತೊಡೆಗೆ ಕೈ ಕೊಟ್ಟು ಏಳಬೇಕು. ನಿಂತು ಒಂದು ಉಸಿರು. ಮತ್ತೆ ಮೆಲ್ಲಗೆ ಕೂರಬೇಕು, ಧೊಪ್ಪೆಂದು ಅಲ್ಲ. ಸುಬ್ಬಿ ಅರ್ಧ ಎದ್ದಳು. ತಕ್ಷಣ ದಿವ್ಯಾಳ ಕೈ ಅವಳ ಕಂಕುಳಿಗೆ ಹೋಯಿತು.

"ಪಕ್ಕದಲ್ಲಿ ನಿಲ್ಲು. ಬೀಳೋ ಹಾಗಾದರೆ ಹಿಡಿ. ಅಲ್ಲಿವರೆಗೆ ಕೈ ಹಿಂದೆ ಕಟ್ಟು," ಅಂದರು ಅಕ್ಕೋರು, ಶಾಲೆಯ ದನಿಯಲ್ಲಿ.

ದಿವ್ಯಾ ಕೈ ಹಿಂದೆ ಕಟ್ಟಿದಳು. ಅತ್ತೆಯ ಕಾಲು ನಡುಗುವುದನ್ನು ನೋಡುತ್ತಾ ಕೈ ಕಟ್ಟಿ ನಿಲ್ಲುವುದು ಹೊತ್ತು ತಂದ ಕುರ್ಚಿಗಿಂತ ಭಾರವಾಗಿತ್ತು. ಎರಡು ಸಲ ವಾಪಸು ಕೂತ ಸುಬ್ಬಿ ಮೂರನೆಯ ಸಲ ಎದ್ದು ನಿಂತಳು. ಯಾರೂ ಎತ್ತದೆ ನಿಂತಳು. ಅವಳಿಗೇ ನಂಬಿಕೆ ಬರಲಿಲ್ಲ, ಸುತ್ತ ನೋಡಿದಳು.

ಹಾಗೆ ಶುರುವಾಯಿತು. ಬೆಳಿಗ್ಗೆ ಚಹಾಕ್ಕೆ ಮೊದಲು ಹತ್ತು ನಿಮಿಷ. ಕುರ್ಚಿಯಿಂದ ಏಳುವುದು, ಕೂರುವುದು. ಜಗುಲಿಯ ಕಂಬ ಹಿಡಿದು ಹಿಮ್ಮಡಿ ಎತ್ತುವುದು, ಇಳಿಸುವುದು. ಒಂದು ಕಾಲಿನ ಮೇಲೆ ನಿಲ್ಲುವುದು, ಕಂಬ ಹಿಡಿದೇ. ಆಮೇಲೆ ಕೊಟ್ಟಿಗೆಯವರೆಗೆ ನಡಿಗೆ. ಮಳೆ ಹಿಡಿದ ಮೇಲೆ ಜಗುಲಿಯಲ್ಲೇ ಆ ತುದಿಯಿಂದ ಈ ತುದಿ. ದಿವ್ಯಾ ಕೂಡ ಜೊತೆಗೆ ಮಾಡಿದಳು. ಅತ್ತೆಗೆ ಹೇಳಿಕೊಡಲು ಅಂತ ಹೇಳುತ್ತಿದ್ದಳು, ಒಳಗೆ ಮಾತ್ರ ಕಂಬ ಹಿಡಿದು ಎದ್ದ ಅವಮಾನ ಇತ್ತು.

ಎಲ್ಲ ದಿನವೂ ಒಂದೇ ಥರ ಇರಲಿಲ್ಲ. ಒಂದು ದಿನ ಹುರುಪಿನಲ್ಲಿ ಸುಬ್ಬಿ ಹೇಳಿದ್ದಕ್ಕಿಂತ ಜಾಸ್ತಿ ಮಾಡಿ ಮೊಣಕಾಲು ಊದಿಸಿಕೊಂಡಳು. "ನಾ ಹೇಳಿರಲಿಲ್ವಾ?" ಅಂತ ದಿವ್ಯಾ ಸ್ಟೂಲನ್ನು ಕುರ್ಚಿಗೆ ಇನ್ನೂ ಹತ್ತಿರ ಎಳೆದಳು. ಅಕ್ಕೋರು ಬೈದರು, ಇಬ್ಬರಿಗೂ. ನೋವಿದ್ದ ದಿನ ವಿಶ್ರಾಂತಿ, ಆಮೇಲೆ ಸ್ವಲ್ಪದಿಂದ ಮತ್ತೆ ಶುರು, ನಿಲ್ಲಿಸುವುದು ಮಾತ್ರ ಬೇಡ ಅಂದರು.

ದಾರಿಯಲ್ಲಿ ಹೋಗುವಾಗ ಗಣಪ ನಿಂತು ನೋಡುತ್ತಿದ್ದ. ಅವನದು ಸುಬ್ಬಿಗಿಂತ ಐದು ವರ್ಷ ಕಡಿಮೆ ವಯಸ್ಸು. ಮಗ ಬೈಕು ತೆಗೆದ ಮೇಲೆ ಕೂಗಳತೆಯ ಅಂಗಡಿಗೂ ಅದರ ಹಿಂದೆಯೇ ಕೂತು ಹೋಗುವವನು.

"ಸುಬ್ಬಕ್ಕ, ಎಂತ ಓಟದ ಪಂದ್ಯಕ್ಕೆ ಹೆಸರು ಕೊಟ್ಟಿದ್ಯ?"

"ಕೊಟ್ಟಿದ್ದೆ ತಮ್ಮ. ನೀನೂ ಬಾ. ಯಾರಾದ್ರೂ ಸೋಲೂಕೆ ಬೇಕಲ್ಲ."

"ಆಯುಷ್ಯ ಹಣೇಲಿ ಬರೆದಷ್ಟು. ಕುಣಿದ್ರೆ ಜಾಸ್ತಿ ಆಗ್ತದ?"

"ಎಷ್ಟು ಬರೆದಿದೆಯೋ ನಂಗೆ ಗೊತ್ತಿಲ್ಲ. ಅಷ್ಟು ದಿನವೂ ಬಚ್ಚಲಿಗೆ ನನ್ನ ಕಾಲಲ್ಲೇ ಹೋಗಬೇಕು. ಅದಕ್ಕೆ ಕುಣಿತೆ."

ಗಣಪನ ತಮಾಷೆಗೆ ಸುಬ್ಬಿ ಸಾಕು. ದಿವ್ಯಾಳಿಗೆ ತಾಗಿದ್ದು ಬೇರೆ ಮಾತು. ಒಂದೊಂದಾಗಿ ಅವಳು ಸ್ಟೂಲಿನ ಸಾಮಾನು ದೂರ ಸರಿಸಿದಳು. ನೀರಿನ ಚೊಂಬು ಅಡುಗೆಮನೆಗೆ ಹೋಯಿತು. ಎಲೆ-ಅಡಿಕೆ ತಟ್ಟೆ ಒಳಗಿನ ಕಪಾಟಿಗೆ ಹೋಯಿತು. ಹೂ ಕೊಯ್ಯುವ ಬುಟ್ಟಿ ಮತ್ತೆ ಸುಬ್ಬಿಯ ಕೈಗೆ ಬಂತು. ಕೇರಿಯಲ್ಲಿ ಗುಸುಗುಸು ಶುರುವಾಯಿತು. ಅಷ್ಟು ಚೆನ್ನಾಗಿ ನೋಡಿಕೊಳ್ಳುತ್ತಿದ್ದ ಸೊಸೆ, ಈಗ ಮುದುಕಿಯ ಕೈಲಿ ಕೆಲಸ ತೆಗೆಸುತ್ತಾಳೆ. ಒಂದು ಲೋಟ ನೀರಿಗೂ ಅವಳೇ ಏಳಬೇಕಂತೆ.

ಮೂರು ವರ್ಷ ಕೂಡಿಟ್ಟ ಹೆಸರು ಹೀಗೆ ಕರಗುವುದನ್ನು ಕೇಳಿ ದಿವ್ಯಾ ಒಂದು ಸಂಜೆ ಹೊಲಿಗೆ ಯಂತ್ರದ ಮುಂದೆ ಅತ್ತಳು. ಸುಬ್ಬಿ ಅದನ್ನು ನೋಡಿದಳು.

ಆ ವಾರದ ಸಂಘದ ಸಭೆ ಅಂಗನವಾಡಿಯಲ್ಲಿತ್ತು. ದಿವ್ಯಾಳೂ ಹೋಗಿದ್ದಳು. ಮಾತು ಶುರುವಾಗುವ ಹೊತ್ತಿಗೆ ಬಾಗಿಲಲ್ಲಿ ಕೋಲು ಊರಿಕೊಂಡು ಸುಬ್ಬಿ ನಿಂತಿದ್ದಳು. ಮೇಲಿನ ಕೇರಿಯ ಏರು ಹತ್ತಿ, ತಾನೇ ನಡೆದು ಬಂದಿದ್ದಳು. ಎದುರಿಗಿದ್ದವಳು ಗಡಬಡಿಸಿ ಕುರ್ಚಿ ಕೊಡಲು ಎದ್ದಳು.

"ಕೂತ್ಕ ಮಗಾ. ನಾ ಎರಡು ಮಾತು ಹೇಳಿ ಹೋಗ್ತೆ," ಅಂದಳು ಸುಬ್ಬಿ. "ನನ್ನ ಸೊಸೆ ನಂಗೆ ನೀರು ತಂದು ಕೊಡೂದಿಲ್ಲ ಅಂತ ನೀವೆಲ್ಲ ಹೇಳ್ತ್ರಂತೆ. ಹೌದು, ಕೊಡೂದಿಲ್ಲ. ಮೂರು ವರ್ಷ ಕೊಟ್ಟಳು. ನನ್ನ ಕಾಲು ಹೋಯ್ತು. ಈಗ ಕೊಡೂದಿಲ್ಲ. ನನ್ನ ಕಾಲು ಬಂತು. ಜ್ವರ ಬಂದ ದಿನ ಇವಳೇ ಕೊಡ್ತಾಳೆ, ಅದು ನಂಗೆ ಗೊತ್ತಿದ್ದು. ನಿಮ್ಮ ಮನೆ ಅತ್ತೆ-ಮಾವನ್ನೂ ಸ್ವಲ್ಪ ಎಬ್ಬಿಸಿ."

ಹೇಳಿದವಳು ತಿರುಗಿ ಹೊರಟಳು. ದಿವ್ಯಾ ಎದ್ದು ಜೊತೆಗೆ ಹೋಗಲು ನೋಡಿದಳು. ಆಮೇಲೆ ಏನೋ ನೆನಪಾಗಿ ಕೈ ಹಿಂದೆ ಕಟ್ಟಿಕೊಂಡು ಅಲ್ಲೇ ನಿಂತಳು. ಕಣ್ಣು ಮಾತ್ರ ಏರು ಇಳಿಯುವವರೆಗೂ ಅತ್ತೆಯ ಬೆನ್ನಿನ ಮೇಲೇ ಇತ್ತು.

ಈ ವರ್ಷ ನವರಾತ್ರಿ ಮುಗಿಯುತ್ತಲೇ ದಿವ್ಯಾ ಬುಟ್ಟಿಗೆ ಕೆಮ್ಮಣ್ಣು ಬಳಿದು ಒಣಗಿಸಿದಳು. ಅಕ್ಕಿ ನೆನೆಸಿ ಅರೆದಳು. ಪುಂಡಿ ನಾರು ಜಜ್ಜಿ ಕುಂಚ ಮಾಡಿದಳು. ಎಲ್ಲ ಜಗುಲಿಯಲ್ಲಿ ಇಟ್ಟು ಒಳಗೆ ಹೋದಳು. ವಾಪಸು ಬಂದಾಗ ಸುಬ್ಬಿ ನೆಲದಲ್ಲಿ ಕೂತಿದ್ದಳು. ಬುಟ್ಟಿ ಕಾಲ ನಡುವೆ ತಿರುಗುತ್ತಿತ್ತು. ಮೊದಲ ಬಿಳಿ ಎಳೆ ಆಗಲೇ ಅರ್ಧ ಸುತ್ತು ಬಂದಿತ್ತು, ಕೂದಲಷ್ಟು ಸಣ್ಣಗೆ.

"ನಾನು ಬರೀಬೇಕಿತ್ತಲ್ಲ ಅತ್ತೆ?"

"ನಿನ್ನ ಎಳೆ ಹಗ್ಗದಷ್ಟು ದಪ್ಪ. ಪಕ್ಕದಲ್ಲಿ ಕೂತ್ಕ, ಕಲಿ."

ಭೂಮಿ ಹುಣ್ಣಿಮೆಯ ಬೆಳಿಗ್ಗೆ ಉಲ್ಲಾಸನ ತಲೆಯ ಮೇಲೆ ಬುಟ್ಟಿ ಹೋಯಿತು. ಹಿಂದೆ ಕೋಲು ಹಿಡಿದು ಸುಬ್ಬಿ. ಕೊನೆಯಲ್ಲಿ ದಿವ್ಯಾ, ಕೈಯಲ್ಲಿ ನೀರಿನ ಕೊಡ ಮಾತ್ರ. ಗದ್ದೆ ಬದುವಿನ ಮೇಲೆ ಇಬ್ಬನಿ ಇತ್ತು. ಸುಬ್ಬಿ ಪಾದ ಊರಿ ಊರಿ ನಡೆದಳು, ಅವಸರ ಮಾಡಲಿಲ್ಲ. ಪೂಜೆಯಾಯಿತು. ಎಲೆ ಹಾಸಿದರು. ಸುಬ್ಬಿ ಕೋಲು ಪಕ್ಕಕ್ಕಿಟ್ಟು, ಒಂದು ಕೈ ನೆಲಕ್ಕೆ ಊರಿ, ಮೊಣಕಾಲು ಮಡಚಿ, ಮೆಲ್ಲಗೆ ಮಣ್ಣಿನ ಮೇಲೆ ಕೂತಳು. ಹೊಟ್ಟೆ ತುಂಬ ಉಂಡಳು. ಕಡುಬಿಗೆ ಎರಡನೆಯ ಸಲ ಕೈಯೊಡ್ಡಿದಳು.

ಆಮೇಲೆ ಏಳುವ ಹೊತ್ತು ಬಂತು. ಉಲ್ಲಾಸ ಮುಂದೆ ಬಂದ. ದಿವ್ಯಾ ಕಣ್ಣಿನಲ್ಲೇ ಅವನನ್ನು ತಡೆದಳು.

ಸುಬ್ಬಿ ಒಂದು ಪಕ್ಕಕ್ಕೆ ವಾಲಿದಳು. ಮೊಣಕಾಲ ಮೇಲೆ ಬಂದಳು. ಒಂದು ಪಾದ ಮುಂದೆ ಇಟ್ಟಳು. ಅಂಗೈಯನ್ನು ಭೂಮಿಗೆ ಒತ್ತಿದಳು. ಎದ್ದಳು. ಸೀರೆಯ ಮಣ್ಣು ಕೊಡವಲಿಲ್ಲ, ಹಾಗೇ ಬಿಟ್ಟಳು.

ಅಷ್ಟರಲ್ಲಿ ಪಕ್ಕದ ಗದ್ದೆಯಿಂದ ದನಿ ಬಂತು. ಗಣಪ ಉಂಡು ಮುಗಿಸಿ ಎಲೆಯ ಮುಂದೆ ಕೂತಲ್ಲೇ ಕೂತಿದ್ದ. ಮಗ ಮೊಬೈಲು ಹಿಡಿದು ದೂರ ಹೋಗಿದ್ದ.

"ಉಲ್ಲಾಸ, ಒಂಚೂರು ಕೈ ಕೊಡಾ. ಕಾಲು ಜೋಮು ಹಿಡಿದಿದೆ."

ಸುಬ್ಬಿಯೇ ಬದು ದಾಟಿ ಹೋಗಿ ಅವನ ಎದುರು ನಿಂತಳು. "ಉಲ್ಲಾಸನ್ನ ಕರೀಬೇಡ. ಬಲಗೈ ನೆಲಕ್ಕೆ ಊರು. ಮೊಣಕಾಲ ಮೇಲೆ ಬಾ. ಹಾಂ. ನಾಳೆ ಬೆಳಿಗ್ಗೆ ಚಹಾಕ್ಕೆ ಮೊದಲು ನಮ್ಮ ಜಗುಲಿಗೆ ಬಾ ತಮ್ಮ. ಕುರ್ಚಿ ಖಾಲಿ ಇದೆ."

ಓದುತ್ತಿರುವ ಅಕ್ಕ, ತಂಗಿ, ಅಣ್ಣ, ನಿಮ್ಮ ಮನೆಯ ಜಗುಲಿಯಲ್ಲೂ ಇಂಥ ಕುರ್ಚಿ ಇರಬಹುದು. ಅದರಲ್ಲಿ ಕೂತವರು ಅಮ್ಮನೋ, ಮಾವನೋ, ನೀವೇ ಇರಬಹುದು. ವಾರದಲ್ಲಿ ಐದು ದಿನ, ದಿನಕ್ಕೆ ಅರ್ಧ ಗಂಟೆ ಚುರುಕಾಗಿ ನಡೆದರೆ ಬಹಳ ಒಳ್ಳೆಯದು ಅಂತ ವೈದ್ಯರು ಹೇಳುತ್ತಾರೆ. ಅಷ್ಟು ಆಗದಿದ್ದರೆ ಹತ್ತು ನಿಮಿಷದಿಂದ ಶುರು ಮಾಡಿ. ಏನೂ ಮಾಡದೆ ಕೂತವರಿಗಿಂತ ದಿನಾ ಸ್ವಲ್ಪ ಮೈ ಆಡಿಸಿದವರು ಹೆಚ್ಚು ಕಾಲ, ಹೆಚ್ಚು ಗಟ್ಟಿಯಾಗಿ ಬಾಳುವ ಸಾಧ್ಯತೆ ಹೆಚ್ಚು. ಬಿಪಿ, ಸಕ್ಕರೆ ಹತೋಟಿಗೆ ಬರಲು ಅದು ನೆರವಾಗುತ್ತದೆ, ಬೀಳುವ ಭಯ ಕಡಿಮೆಯಾಗುತ್ತದೆ. ಆದರೆ ಮಾತ್ರೆ ನಿಲ್ಲಿಸಬೇಡಿ. ಎದೆ ನೋವು, ತಲೆ ಸುತ್ತು, ವಿಪರೀತ ಏದುಸಿರು ಇದ್ದವರು, ಆಪರೇಷನ್ ಆದವರು ಮೊದಲು ಡಾಕ್ಟರನ್ನು ಕೇಳಿ.

ಇವತ್ತೇ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಅದರಲ್ಲಿ ಕೂತ ಹಿರಿಯರನ್ನು ಏಳಲು ಕರೆಯಿರಿ. ಪಕ್ಕದಲ್ಲೇ ನಿಲ್ಲಿ, ಬೀಳದಂತೆ ನೋಡಿಕೊಳ್ಳಿ. ಅವರ ಕಾಲು ನಡುಗಿದರೆ ನಿಮ್ಮ ಕೈ ತಾನಾಗಿ ಮುಂದೆ ಹೋಗುತ್ತದೆ. ಸ್ವಲ್ಪ ತಡೆಯಿರಿ. ಅವರೇ ಎದ್ದು ನಿಂತು ನಿಮ್ಮ ಮುಖ ನೋಡುತ್ತಾರಲ್ಲ, ಅದನ್ನು ನೋಡಲಿಕ್ಕಾದರೂ ತಡೆಯಿರಿ.